ತಾರಸಿಯ ಮೇಲಿನ ‘ಮುಫ್ತ್’ ವಿದ್ಯುತ್ ಮತ್ತು ಕೆಲವು ಪ್ರಶ್ನೆಗಳು

2022ರ ಜುಲೈ ತಿಂಗಳಲ್ಲಿ ಉತ್ತರ ಪ್ರದೇಶದ ಬುಂದೇಲ್‌ಖಂಡ ಎಕ್ಸ್‌ಪ್ರೆಸ್ ಹೆದ್ದಾರಿಯನ್ನು ಉದ್ಘಾಟಿಸುತ್ತಾ ಪ್ರಧಾನಿ ನರೇಂದ್ರ ಮೋದಿಯವರು ಪುಕ್ಕಟೆ ಕೊಡುಗೆಗಳ ರಾಜಕೀಯವನ್ನು ‘ರೇವ್ಡಿ ಸಂಸ್ಕೃತಿ’ ಎಂದು ಜರೆದಿದ್ದರು. ಅದಾಗಿ ಎರಡು ವರ್ಷ ತುಂಬುವ ಮೊದಲೇ, 2024ರ ಫೆಬ್ರವರಿ 13ರಂದು, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ ಅವರ ಸರಕಾರ ಹೊಸ ಯೋಜನೆಯೊಂದಕ್ಕೆ ಚಾಲನೆ ಕೊಟ್ಟಿತು. ಅದರ ಹೆಸರು ‘ಪಿಎಂ ಸೂರ್ಯ ಘರ್: ಮುಫ್ತ್ ಬಿಜ್ಲಿ ಯೋಜನೆ’. ಮುಫ್ತ್ ಎಂದರೆ ಪುಕ್ಕಟೆ ಎಂಬುದನ್ನು ಉರ್ದು ಬಲ್ಲ ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ರಾಜ್ಯದಲ್ಲಿಯಾದರೋ 2023ರ ಜುಲೈಯಿಂದಲೇ ಕಾಂಗ್ರೆಸ್ ಸರಕಾರದ ಗೃಹಜ್ಯೋತಿ ಜಾರಿಯಲ್ಲಿದೆ. ಹೀಗೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಯೊಡೆಯನ ಮುಂದೆ ಇವತ್ತು ಎರಡು ಪುಕ್ಕಟೆಗಳಿವೆ. ಒಂದು ದಿಲ್ಲಿಯದ್ದು, ಇನ್ನೊಂದು ಬೆಂಗಳೂರಿನದ್ದು. ಎರಡರ ಪರವಾಗಿಯೂ ಘೋಷಣೆ ಕೂಗುವವರಿದ್ದಾರೆ. ಆದರೆ ಮನೆಯ ಯಜಮಾನ ಕೂತು ಲೆಕ್ಕ ಹಾಕಬೇಕಾದ ಪ್ರಶ್ನೆ ಬೇರೆಯೇ ಇದೆ. ತನ್ನ ತಾರಸಿಯ ಮೇಲೆ ಫಲಕ ಹಾಕಿಸುವುದರಿಂದ ತನಗೇನು ಸಿಗುತ್ತದೆ?

ಮೊತ್ತಮೊದಲನೆಯದಾಗಿ, ಸೂರ್ಯ ಘರ್ ಯೋಜನೆಯಲ್ಲಿ ಫಲಕ ಪುಕ್ಕಟೆಯಲ್ಲ. ಎರಡು ಕಿಲೋವ್ಯಾಟ್ ವರೆಗೆ ಕಿಲೋವ್ಯಾಟ್ ಒಂದಕ್ಕೆ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಹೀಗೆ ಒಟ್ಟು ಗರಿಷ್ಠ 78,000 ರೂಪಾಯಿ ಸಹಾಯಧನ. ಮೂರರಾಚೆ ಎಷ್ಟು ಹಾಕಿದರೂ ಅದಕ್ಕಿಂತ ಒಂದು ಪೈಸೆ ಹೆಚ್ಚು ಬಾರದು. ಅದೂ ಫಲಕ ಅಳವಡಿಸಿ, ಮೆಸ್ಕಾಂ ಪರಿಶೀಲಿಸಿ, ನೆಟ್ ಮೀಟರ್ ಕೂಡಿಸಿದ ನಂತರ ಬ್ಯಾಂಕ್ ಖಾತೆಗೆ ಬರುವಂಥದ್ದು. ಮೂರು ಕಿಲೋವ್ಯಾಟಿನ ವ್ಯವಸ್ಥೆಗೆ ಮಾರುಕಟ್ಟೆಯಲ್ಲಿ ಸುಮಾರು ಎರಡು ಲಕ್ಷ ರೂಪಾಯಿ ಬೀಳುತ್ತದೆ ಎಂದಿಟ್ಟುಕೊಂಡರೆ ಒಂದು ಲಕ್ಷ ಇಪ್ಪತ್ತು ಸಾವಿರದಷ್ಟು ನಮ್ಮ ಜೇಬಿನಿಂದಲೇ ಹೋಗಬೇಕು. ಪುಕ್ಕಟೆ ಎಂಬುದು ಇರುವುದು ಆ ಬಳಿಕ ಉತ್ಪಾದನೆಯಾಗುವ ವಿದ್ಯುತ್ತಿಗೆ. ಜಾಹೀರಾತಿನ ದೊಡ್ಡಕ್ಷರಗಳಲ್ಲಿ ಕಾಣುವ 300 ಯೂನಿಟ್ ಎಂಬುದು ಈ ಮೂರು ಕಿಲೋವ್ಯಾಟಿನ ಸರಾಸರಿ ತಿಂಗಳ ಫಸಲು.

ಇನ್ನು ಗೃಹಜ್ಯೋತಿ. 2022-23ರ ಸರಾಸರಿ ಬಳಕೆಯ ಮೇಲೆ ಶೇ. 10ರಷ್ಟು ಹೆಚ್ಚುವರಿ ಸೇರಿಸಿ, 200 ಯೂನಿಟ್ ಮೀರದಂತೆ, ಮನೆಯೊಂದಕ್ಕೆ ಶೂನ್ಯ ಬಿಲ್. ಸಾಧಾರಣ ಮನೆಯೊಂದನ್ನು ಗಮನಿಸಿ. ನಾಲ್ಕು ಫ್ಯಾನು, ಒಂದು ಫ್ರಿಜ್ಜು, ಮಿಕ್ಸಿ, ಬಾವಿಯ ಪಂಪು. ತಿಂಗಳಿಗೆ 100-120 ಯೂನಿಟ್ ದಾಟುವುದು ಕಷ್ಟ. ಅಂಥ ಮನೆಗೆ ಬಿಲ್ಲೇ ಬಾರದಿರುವಾಗ, ಒಂದು ಲಕ್ಷಕ್ಕೂ ಮಿಕ್ಕಿ ಹಣ ಹೂಡಿ ಉಳಿಸುವುದಾದರೂ ಏನನ್ನು? ಈ ಮನೆಗಳ ಬಾಗಿಲಿಗೆ ಬಂದು ‘ಸರಕಾರವೇ ಕೊಡುತ್ತದೆ, ಸಹಿ ಹಾಕಿ’ ಎನ್ನುವ ಏಜೆಂಟರು ಈ ಸರಳ ಲೆಕ್ಕವನ್ನು ಹೇಳುವುದಿಲ್ಲ. ಇವರು ಸಾಲ ಮಾಡಿ ಫಲಕ ಹಾಕಿಸುವ ಅಗತ್ಯ ಸದ್ಯಕ್ಕಿಲ್ಲ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಆದರೆ 200 ದಾಟಿದ ಮನೆಗಳ ಕತೆ ಬೇರೆ. ಗಡಿ ದಾಟಿದರೆ ಹೆಚ್ಚುವರಿ ಯೂನಿಟ್‌ಗಳಿಗಷ್ಟೇ ಅಲ್ಲ, ಆ ತಿಂಗಳ ಇಡೀ ಬಿಲ್ಲಿಗೆ ಹಣ ತೆರಬೇಕು. ಶಿರೂರು, ಗಂಗೊಳ್ಳಿ, ಕೋಡಿಗಳಲ್ಲಿ ಕೊಲ್ಲಿಯ ದುಡಿಮೆಯಿಂದ ಎದ್ದು ನಿಂತ ಎರಡಂತಸ್ತಿನ ಮನೆಗಳಲ್ಲಿ ಎಸಿ, ವಾಟರ್ ಹೀಟರ್, ವಾಷಿಂಗ್ ಮೆಷಿನ್ ಎಲ್ಲವೂ ಇವೆ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ದರದಂತೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ವಿದ್ಯುತ್ ನೌಕರರ ಪಿಂಚಣಿಯ ಬಾಬ್ತು 36 ಪೈಸೆ, ಅದರ ಮೇಲೆ ಶೇ. 9ರ ತೆರಿಗೆ. 250 ಯೂನಿಟ್ ಬಳಸುವ ಮನೆಗೆ ಬಳಕೆಯ ಬಾಬ್ತೇ 1,600 ರೂಪಾಯಿ ದಾಟುತ್ತದೆ. ಇದನ್ನು ಫಲಕ ಇಲ್ಲದಾಗಿಸಿದರೆ ವರ್ಷಕ್ಕೆ ಸುಮಾರು 20,000 ರೂಪಾಯಿ ಉಳಿತಾಯ; ಹಾಕಿದ ಹಣ ಆರೇಳು ವರ್ಷಗಳಲ್ಲಿ ಮರಳುತ್ತದೆ. ಫಲಕಕ್ಕೆ ತಯಾರಕರು ಸಾಮಾನ್ಯವಾಗಿ 25 ವರ್ಷಗಳ ಭರವಸೆ ಕೊಡುತ್ತಾರೆ. ನಡುವೆ ಒಮ್ಮೆ ಇನ್ವರ್ಟರ್ ಬದಲಿಸಬೇಕಾಗಿ ಬಂದರೂ ಇದು ಕೈಕಚ್ಚುವ ವ್ಯವಹಾರವಲ್ಲ. ಆದರೆ ಕಿಲೋವ್ಯಾಟ್ ಲೆಕ್ಕದ ನಿಗದಿತ ಶುಲ್ಕ ಫಲಕ ಹಾಕಿದರೂ ತಪ್ಪದು. ‘ಇನ್ನು ಮುಂದೆ ಮೆಸ್ಕಾಂಗೆ ಒಂದು ರೂಪಾಯಿಯೂ ಇಲ್ಲ’ ಎಂಬ ಮಾತು ಸುಳ್ಳು.

ಅಷ್ಟಕ್ಕೂ ಕೊಲ್ಲಿಯವರ ಮನೆಗಳಲ್ಲಿ ಹಲವು ವರ್ಷದ ಹತ್ತು ತಿಂಗಳು ಬೀಗ ಹಾಕಿಕೊಂಡಿರುತ್ತವೆ. ಅಂಥ ಮನೆಯ ಫಲಕ ಹಗಲಿಡೀ ಉತ್ಪಾದಿಸಿದ್ದೆಲ್ಲ ಮೆಸ್ಕಾಂ ತಂತಿಗೆ ಹೋಗುತ್ತದೆ. ಅದಕ್ಕೆ ಸಿಗುವ ಬೆಲೆ ನಾವು ಕೊಳ್ಳುವ ಬೆಲೆಯಲ್ಲ. 2013ರಲ್ಲಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವು ತಾರಸಿ ವಿದ್ಯುತ್ತಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ನಿಗದಿಪಡಿಸಿತ್ತು. ಇಂದು ಸಹಾಯಧನ ಪಡೆದ ಮನೆಗೆ ಅದರ ಅರ್ಧವೂ ಇಲ್ಲ. ಬೀಗ ಹಾಕಿದ ಮನೆಯ ಮೇಲೆ ಹತ್ತು ಕಿಲೋವ್ಯಾಟ್ ಹಾಕಿಸಿ ‘ತಿಂಗಳ ಆದಾಯ’ದ ಕನಸು ಕಾಣುವವರು ಈ ವ್ಯತ್ಯಾಸವನ್ನು ತಿಳಿದಿರಲಿ.

ಊರಿನ ಹವೆಯನ್ನೂ ಮರೆಯಬಾರದು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಸೂರ್ಯ ಮುಖ ತೋರಿಸಿದರೆ ತೋರಿಸಿದ, ಇಲ್ಲದಿದ್ದರೆ ಇಲ್ಲ. ವರ್ಷದ ಸರಾಸರಿಯನ್ನು ಆಷಾಢದ ಬಿಲ್ಲಿನಲ್ಲಿ ಹುಡುಕಿದರೆ ನಿರಾಸೆಯೇ ಗತಿ. ನಮ್ಮ ಅಂಗಳದ ತೆಂಗಿನ ಮರಗಳು ಇನ್ನೊಂದು ತೊಡಕು. ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ಗರಿಯ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಸಿಯಬಹುದು. ಮಳೆಗೆ ಸೋರದಂತೆ ತಾರಸಿಯ ಮೇಲೆ ತಗಡಿನ ಶೀಟು ಹೊದೆಸುವುದು ಇಲ್ಲಿನ ವಾಡಿಕೆ. ಆ ಶೀಟು, ಅದರ ಕಂಬಗಳು ಫಲಕದ ಭಾರವನ್ನೂ ಮಳೆಗಾಲದ ಗಾಳಿಯನ್ನೂ ತಾಳಬಲ್ಲವೇ? ಹಳೆಯ ಹಂಚಿನ ಮನೆಯವರಂತೂ ಇನ್ನೂ ಎಚ್ಚರದಿಂದಿರಬೇಕು. ಕಡಲಿನ ಬದಿಯ ಮನೆಗಳಲ್ಲಿ ಉಪ್ಪುಗಾಳಿಗೆ ಕಿಟಕಿಯ ಸರಳುಗಳೇ ತುಕ್ಕು ಹಿಡಿಯುತ್ತವೆ. ಅಗ್ಗದ ಕಬ್ಬಿಣದ ಚೌಕಟ್ಟು, ಸಾದಾ ಬೋಲ್ಟುಗಳು ಎಷ್ಟು ಕಾಲ ಬಾಳಿಯಾವು? ಚೌಕಟ್ಟು ಅಲ್ಯುಮಿನಿಯಂನದ್ದೋ ದಪ್ಪ ಸತುವಿನ ಲೇಪನದ್ದೋ, ಬೋಲ್ಟು ಸ್ಟೀಲಿನದ್ದೋ ಎಂದು ಕೇಳಬೇಕು. ಕರಾರಿನಲ್ಲಿ ಬರೆಸಿಕೊಳ್ಳಬೇಕು.

ಇನ್ನೊಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೂ ನಮ್ಮ ಮನೆಯಲ್ಲಿ ಬೆಳಕಿರುತ್ತದೆ ಎಂಬ ನಿರೀಕ್ಷೆಯಿಂದ ಎಷ್ಟೋ ಮಂದಿ ಇದಕ್ಕೆ ಮುಂದಾಗುತ್ತಾರೆ. ಬ್ಯಾಟರಿ ಇಲ್ಲದ ಈ ವ್ಯವಸ್ಥೆ ಮೆಸ್ಕಾಂ ತಂತಿಯಲ್ಲಿ ವಿದ್ಯುತ್ ಇದ್ದಾಗ ಮಾತ್ರ ಕೆಲಸ ಮಾಡುತ್ತದೆ. ತಂತಿ ಸತ್ತರೆ ಇದೂ ತಾನಾಗಿ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮ್ಯಾನ್‌ನ ಜೀವ ಉಳಿಸುವುದಕ್ಕಾಗಿಯೇ ಹಾಗೆ ಮಾಡಲಾಗಿದೆ.

ಇನ್ನು ನಿಜವಾಗಿಯೂ ‘ಪುಕ್ಕಟೆ’ ಎನ್ನಬಹುದಾದ ದಾರಿಯೂ ಇದೆ. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಹೊರಡಿಸಿದ ಮಾರ್ಗಸೂಚಿಯಂತೆ ಖಾಸಗಿ ಕಂಪೆನಿಯೊಂದು ತನ್ನದೇ ಹಣದಿಂದ ನಮ್ಮ ತಾರಸಿಯಲ್ಲಿ ಫಲಕ ಹಾಕಬಹುದು. ಕನಿಷ್ಠ 5 ವರ್ಷ ಅದು ಕಂಪೆನಿಯ ಸೊತ್ತು, ನಾವು ಬಳಸಿದ ವಿದ್ಯುತ್ತಿಗೆ ಮಾತ್ರ ಹಣ. ಕೇಳಲು ಹಿತವಾಗಿದೆ. ಆದರೆ ಬ್ರಿಟನ್ನಿನ ಅನುಭವವನ್ನು ನೋಡಿ. 2010ರಲ್ಲಿ ಅಲ್ಲಿನ ಸರಕಾರ ಸೌರ ವಿದ್ಯುತ್ತಿಗೆ ದುಬಾರಿ ದರ ಘೋಷಿಸಿದಾಗ ಕಂಪೆನಿಗಳು ಮನೆ ಮನೆಗೆ ಪುಕ್ಕಟೆ ಫಲಕ ಹಾಕಿದವು. ಪ್ರತಿಯಾಗಿ ಛಾವಣಿಯನ್ನು 25 ವರ್ಷಗಳ ಗೇಣಿಗೆ ಬರೆಸಿಕೊಂಡವು. ಮುಂದೆ ಮನೆ ಮಾರಲು ಹೊರಟವರಿಗೆ ಆ ಗೇಣಿಯೇ ಉರುಳಾಯಿತು; ಅಂಥ ಮನೆಗೆ ಸಾಲ ಕೊಡಲು ಕೆಲವು ಸಂಸ್ಥೆಗಳು ಹಿಂಜರಿದವು. ಆದ್ದರಿಂದ ಸಹಿ ಹಾಕುವ ಮೊದಲು ಕೇಳಬೇಕು. ಯೂನಿಟ್ಟಿನ ದರ ವರ್ಷದಿಂದ ವರ್ಷಕ್ಕೆ ಏರುತ್ತದೆಯೇ? ಅವಧಿ ಮುಗಿದ ಮೇಲೆ ಫಲಕ ಯಾರದ್ದು? ಮನೆ ಮಾರಿದರೆ, ಮೇಲೊಂದು ಅಂತಸ್ತು ಕಟ್ಟಿದರೆ ಏನು? ಇಂಗ್ಲಿಷಿನಲ್ಲಿರುವ ಕರಾರನ್ನು ಓದಲು ಬಾರದ ಹಿರಿಯರಿಗೆ ಓದಿ ಹೇಳುವ ಕೆಲಸವನ್ನು ಊರಿನ ಓದಿದ ಯುವಕರು ಮಾಡಬಾರದೇ?

ನಮ್ಮ ಸಮುದಾಯದಲ್ಲಿ ಎರಡು ಪ್ರಶ್ನೆಗಳು ಪ್ರತ್ಯೇಕವಾಗಿ ಏಳುತ್ತವೆ. ಒಂದು, ಬಡ್ಡಿ. ಯೋಜನೆಯ ಜೊತೆ ಬ್ಯಾಂಕ್ ಸಾಲದ ಕೊಂಡಿಯೂ ಇದೆ. ಆದರೆ ಸಾಲ ಪಡೆದರೆ ಮಾತ್ರ ಸಹಾಯಧನ ಎಂಬ ನಿಯಮವಿಲ್ಲ. ಬಡ್ಡಿಯಿಂದ ದೂರವಿರಬಯಸುವವರು ಸ್ವಂತ ಹಣದಿಂದ ಎರಡು ಕಿಲೋವ್ಯಾಟ್ ಹಾಕಿಸಿದರೂ 60,000 ರೂಪಾಯಿ ಅವರದ್ದೇ. ಎರಡನೆಯದು ಮೀಟರಿನ ಹೆಸರು. ತಂದೆ ತೀರಿ ಎಷ್ಟೋ ವರ್ಷವಾದರೂ ಆರ್.ಆರ್. ನಂಬರ್ ಅವರ ಹೆಸರಿನಲ್ಲೇ ಇರುವ ಮನೆಗಳು ಎಷ್ಟಿಲ್ಲ? ಆಸ್ತಿ ಪಾಲಾಗಿರುವುದಿಲ್ಲ, ಸಹೋದರಿಯರ ಹಕ್ಕು ಇತ್ಯರ್ಥವಾಗಿರುವುದಿಲ್ಲ. ಅರ್ಜಿ, ಮೀಟರ್, ಬ್ಯಾಂಕ್ ಖಾತೆಗಳ ಹೆಸರು ತಾಳೆಯಾಗದೆ ಸಹಾಯಧನ ಸಿಕ್ಕಿಹಾಕಿಕೊಳ್ಳುತ್ತದೆ. ಪಾಲು ಕೊಡುವುದನ್ನು ಮುಂದೂಡುತ್ತಾ ಬಂದವರಿಗೆ ಈಗ ಮೆಸ್ಕಾಂ ಕಚೇರಿಯೇ ಅದನ್ನು ನೆನಪಿಸುವಂತಾಗಿದೆ.

ಆದರೂ ದೊಡ್ಡ ಪ್ರಶ್ನೆ ಬೇರೆಯೇ. ತಾರಸಿ ಇದ್ದವನಿಗೆ 78,000 ರೂಪಾಯಿ, ತಾರಸಿಯೇ ಇಲ್ಲದ ಬಾಡಿಗೆದಾರನಿಗೆ ಏನೂ ಇಲ್ಲ. ಇದೆಂಥ ನ್ಯಾಯ? ಹೊಸಂಗಡಿಯ ವಾರಾಹಿ ಭೂಗರ್ಭ ವಿದ್ಯುದಾಗಾರದ 460 ಮೆಗಾವ್ಯಾಟ್, ಎಲ್ಲೂರಿನ ಕಲ್ಲಿದ್ದಲು ಸ್ಥಾವರದ 1,200 ಮೆಗಾವ್ಯಾಟ್ ಎಂದು ನಾಡಿಗೆ ಬೆಳಕು ಕೊಟ್ಟ ಜಿಲ್ಲೆ ಇದು. ಬಡವರ ಮನೆಗೆ ಸೌರ ಬೆಳಕನ್ನು ತಲುಪಿಸುವುದು ಸಾಧ್ಯ ಎಂದು ತೋರಿಸಿದ, 1995ರಲ್ಲಿ ಸೆಲ್ಕೋ ಕಟ್ಟಿ 2011ರ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆಯವರ ಮೂಲವೂ ಕೋಟದ ಬಳಿಯ ಹಂದಟ್ಟು. ಸಾಲದ ಕಂತು ಕುಟುಂಬದ ಗಳಿಕೆಗೆ ಹೊಂದಬೇಕು, ದುರಸ್ತಿ ಮಾಡುವವನು ಹತ್ತಿರದಲ್ಲಿರಬೇಕು ಎಂಬುದು ಅವರ ಕೆಲಸ ಕಲಿಸಿದ ಪಾಠ. ಸೂರ್ಯ ಘರ್ ಮಾರ್ಗಸೂಚಿಯಲ್ಲೇ ವಿದ್ಯುತ್ ಕಂಪೆನಿಗಳು ತಾವೇ ಮುಂದೆ ನಿಂತು ಮನೆಗಳ ಮೇಲೆ ಫಲಕ ಹಾಕುವ ಅವಕಾಶವಿದೆ. ಗೃಹಜ್ಯೋತಿಗಾಗಿ ರಾಜ್ಯ ಸರಕಾರ ಪ್ರತಿ ತಿಂಗಳು ವಿದ್ಯುತ್ ಕಂಪೆನಿಗಳಿಗೆ ಹಣ ತುಂಬುತ್ತಲೇ ಇರಬೇಕು. ಅದರ ಒಂದಂಶವನ್ನು ಸಣ್ಣ ಮನೆಗಳ ತಾರಸಿಗೆ ಹೂಡಿದರೆ ಖಜಾನೆಯ ಹೊರೆ ಇಳಿಯುತ್ತದೆ, ಮುಂದೆ ಯಾವ ಸರಕಾರ ಬಂದು ಗ್ಯಾರಂಟಿ ಕಿತ್ತುಕೊಂಡರೂ ಬಡವನ ಮನೆಗೆ ಬಿಲ್ಲಿನ ಹೆದರಿಕೆ ಇರದು. ಫಲಕ ದಿಲ್ಲಿಯದ್ದು, ಗ್ಯಾರಂಟಿ ತನ್ನದು ಎಂಬ ಪ್ರತಿಷ್ಠೆಯನ್ನು ಬಿಟ್ಟು ರಾಜ್ಯ ಸರಕಾರ ಇದನ್ನು ಕೈಗೆತ್ತಿಕೊಳ್ಳಬೇಕು. ಸೂರ್ಯ ಘರ್‌ನ ಅವಧಿ 2026-27ರ ವರೆಗೆ ಮಾತ್ರ. ಮೂರೂ ತಾಲೂಕುಗಳ ಶಾಸಕರು ಮೆಸ್ಕಾಂ ಮುಂದೆ ಈ ಬೇಡಿಕೆಯನ್ನು ಇಡಲು ಇನ್ನು ಹೆಚ್ಚು ಕಾಲ ಉಳಿದಿಲ್ಲ.