ಕುಂಡದ ಗಿಡ ಹೂ ಬಿಡದೇಕೆ?

ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರೆಂದು ಹೆಸರಾದುದು. ಈ ಸೀಮೆಯ ಹೊಲಗಳಿಗೆ ಬೆಂಗಳೂರಿನ ಪೇಟೆ ದೂರವಿಲ್ಲ. ತರಕಾರಿ, ಗುಲಾಬಿಗಳ ಜೊತೆಗೆ ಕುಂಡದ ಹೂಗಿಡಗಳನ್ನು ಬೆಳೆಸಿ ಮಾರುವುದೂ ಇಲ್ಲಿನ ರೈತ ಕುಟುಂಬಕ್ಕೆ ಒಳ್ಳೆಯ ಉಪಕಸುಬು. ಆದರೆ ಪೇಟೆಯವರು ಹೂ ನೋಡಿ ಗಿಡ ಕೊಳ್ಳುತ್ತಾರೆ. ಎಲೆ ನೋಡಿ ಅಲ್ಲ. ಹೂ ಬಿಡದ ಗಿಡ ವರ್ಷವಿಡೀ ನೀರು ಕುಡಿಯುತ್ತ ಮೂಲೆಯಲ್ಲಿ ಉಳಿಯುತ್ತದೆ. ಸಾವಿರ ಅಡಿ ಕೊರೆದರೂ ನೀರಿನ ಖಾತ್ರಿಯಿಲ್ಲದ ಜಿಲ್ಲೆಯಲ್ಲಿ ಇದು ಸಣ್ಣ ನಷ್ಟವಲ್ಲ.

ಗಿಡ ಹೂ ಬಿಡದಿದ್ದರೆ ನಾವು ಮತ್ತಷ್ಟು ನೀರು, ಮತ್ತಷ್ಟು ಯೂರಿಯಾ ಕೊಡುತ್ತೇವೆ. ಅನೇಕ ವೇಳೆ ರೋಗವೇ ಅದು. ಶ್ರೀನಿವಾಸಪುರದ ಮಾವಿನ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹೂ ಬಿಡುವ ಮುಂಚಿನ ಎರಡು ಮೂರು ತಿಂಗಳು ನೀರು ನಿಲ್ಲಿಸದಿದ್ದರೆ ಮರ ಚಿಗುರುತ್ತದೆಯೇ ಹೊರತು ಹೂವಾಗದು. ಮಲ್ಲಿಗೆ ತೋಟದವರೂ ಗಿಡವನ್ನು ಒಣಗಿಸಿ, ಸವರಿ, ಆಮೇಲೆಯೇ ನೀರು ಹಾಯಿಸುತ್ತಾರೆ. ತೋಟದಲ್ಲಿ ಬಲ್ಲ ಈ ವಿದ್ಯೆಯನ್ನು ಕುಂಡದ ಮುಂದೆ ನಾವು ಮರೆಯುತ್ತೇವೆ.

ಕಾಗದದ ಹೂವಿನ ಗಿಡವನ್ನೇ, ಅಂದರೆ ಬೊಗನ್‌ವಿಲ್ಲಾವನ್ನೇ ನೋಡಿ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳದಿದ್ದರೆ ಅದಕ್ಕೆ ಬಣ್ಣ ಬಾರದು. ಒಂದು ಸಲದ ಹೂ ಮುಗಿದೊಡನೆ ಕೊಂಬೆಗಳ ತುದಿ ಕತ್ತರಿಸಿ, ಕೊಟ್ಟಿಗೆ ಗೊಬ್ಬರ ಹಾಕಿ, ಹೊಸ ಚಿಗುರು ಬರುವವರೆಗೆ ನೀರು ಕೊಡಿ. ಚಿಗುರು ಗೇಣುದ್ದವಾಗಿ ಬಲಿತ ಮೇಲೆ ಕೈ ಬಿಗಿ ಹಿಡಿಯಬೇಕು. ಎಲೆ ಸ್ವಲ್ಪ ಬಾಡಿದಾಗ ಮಾತ್ರ ನೀರು, ಯೂರಿಯಾ ಬೇಡ. ಎರಡು ಮೂರು ವಾರ ಹೀಗೆ ನಡೆಸಿದರೆ ಸಾಮಾನ್ಯವಾಗಿ ಬಣ್ಣ ಕಾಣುತ್ತದೆ. ಬೇರು ಕುಂಡ ತುಂಬಿದ್ದರೆ ಒಳ್ಳೆಯದೇ. ಆ ಹೊತ್ತಿಗೆ ದೊಡ್ಡ ಕುಂಡಕ್ಕೆ ಬದಲಿಸಬೇಡಿ.

ಎಲ್ಲ ಗಿಡಕ್ಕೂ ಈ ಉಪವಾಸ ಹಿಡಿಸದು. ದಾಸವಾಳ, ಕೇಪಳ, ಗುಲಾಬಿಗಳನ್ನು ಒಣಗಿಸಿದರೆ ಮೊಗ್ಗು ಉದುರುತ್ತದೆ. ಅವಕ್ಕೆ ಬೇಕಾದುದು ಬಿಸಿಲು ಮತ್ತು ಕತ್ತರಿ. ಹೂ ಬರುವುದು ಹೊಸ ಚಿಗುರಿನಲ್ಲಿ. ಗುಲಾಬಿ ಸವರಿದ ಸುಮಾರು ಆರೇಳು ವಾರಕ್ಕೆ ಅರಳುತ್ತದೆ. ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನಡೆಯುವ ದಿನಗಳಲ್ಲಿ ಮಾರಬೇಕೆಂದಿದ್ದರೆ ನವೆಂಬರ್ ಕೊನೆಯಲ್ಲಿಯೋ ಡಿಸೆಂಬರ್ ಮೊದಲಲ್ಲಿಯೋ ಕತ್ತರಿ ಆಡಿಸಬೇಕು.

ಇನ್ನೊಂದು ಮಾತು. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದರೆ, ಕೇಪಳದ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ, ಕೊಳವೆ ಬಾವಿಯ ಗಡಸು ನೀರನ್ನು ಶಂಕಿಸಿ. ಮಳೆನೀರು ಹಿಡಿದಿಟ್ಟು, ಅಡಿಯ ತೂತಿನಿಂದ ಹರಿಯುವಷ್ಟು ಒಮ್ಮೆ ಹೊಯ್ಯಿರಿ. ಇಂಥ ಕುಂಡಕ್ಕೆ ಬೂದಿ ಹಾಕಬೇಡಿ. ಕ್ಷಾರ ಇನ್ನೂ ಹೆಚ್ಚುತ್ತದೆ.

ಕೋಲಾರದ ಟಮಕದಲ್ಲಿ ತೋಟಗಾರಿಕೆ ಕಾಲೇಜೂ ಕೃಷಿ ವಿಜ್ಞಾನ ಕೇಂದ್ರವೂ ಇವೆ. ಹಳ್ಳಿಗಳಲ್ಲಿ ಭಾಷಣದ ಬದಲು ಎರಡು ಸಾಲು ಕುಂಡ ಇಟ್ಟು, ಒಂದಕ್ಕೆ ದಿನವೂ ನೀರುಣಿಸಿ, ಇನ್ನೊಂದನ್ನು ಬಿಗಿ ಹಿಡಿದು ಬೆಳೆಸಿ ತೋರಿಸಿದರೆ ರೈತರು ಕಣ್ಣಾರೆ ಕಂಡು ನಂಬುತ್ತಾರೆ. ಅಲ್ಲಿಯವರೆಗೆ ಕಾಯಬೇಕಿಲ್ಲ. ನಿಮ್ಮ ಅಂಗಳದ ಹತ್ತು ಕುಂಡಗಳಲ್ಲಿ ಐದಕ್ಕೆ ಈ ತಿಂಗಳೇ ನೀರು ಬಿಗಿ ಮಾಡಿ ನೋಡಿ. ಹೂ ಬಂದರೆ ಲಾಭ. ಬಾರದಿದ್ದರೂ ಉಳಿದ ನೀರು ನಿಮ್ಮದೇ.