ಗಾಳಕ್ಕೆ ಮೊದಲು ದಡ

ಬಾಸ್ ಮೀನಿಗೆ ಗಾಳ ಹಾಕಲು ಹೊರಟವರು ಮೊದಲು ಅಂಗಡಿಗೆ ಹೋಗುತ್ತಾರೆ. ಹೋಗಬೇಕಾದದ್ದು ಕೆರೆಯ ದಡಕ್ಕೆ, ಅದೂ ಬರಿಗೈಯಲ್ಲಿ. ಒಂದು ಸಂಜೆ ನೀರು ನೋಡುತ್ತ ಕೂತರೆ ತಿಳಿಯುವಷ್ಟನ್ನು ಯಾವ ದುಬಾರಿ ಕೋಲೂ ಕಲಿಸದು.

ಲಾರ್ಜ್‌ಮೌತ್ ಬಾಸ್ ಉತ್ತರ ಅಮೆರಿಕದ ಸಿಹಿನೀರಿನ ಮೀನು. ಬೇಟೆಯನ್ನು ದೂರದವರೆಗೆ ಅಟ್ಟಿಸಿಕೊಂಡು ಹೋಗುವ ಜಾಯಮಾನ ಅದರದಲ್ಲ, ಹೊಂಚು ಹಾಕಿ ಎರಗುತ್ತದೆ. ನೀರಿಗೆ ಉರುಳಿದ ಮರ, ಜೊಂಡಿನ ಅಂಚು, ದೋಣಿಕಟ್ಟೆಯ ನೆರಳು ಇವೇ ಅದರ ತಾವು. ಹೊಸಬರು ನಡುನೀರಿಗೆ ಬಲವಾಗಿ ಗಾಳ ಬೀಸಿ ಏನೂ ಸಿಗದೆ ಮರಳುತ್ತಾರೆ. ಮೀನು ಎಷ್ಟೋ ಸಲ ಅವರ ಕಾಲಬುಡದಲ್ಲೇ ಇರುತ್ತದೆ.

ವಸಂತದಲ್ಲಿ ನೀರು ಸುಮಾರು 16 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗಾದಾಗ ಗಂಡು ಬಾಸ್ ದಡದ ಬಳಿ ಬಾಲದಿಂದ ಕೆಸರು ಗುಡಿಸಿ ತಟ್ಟೆಯಂಥ ಗುಳಿ ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಮೊಟ್ಟೆಗೂ ಮರಿಗೂ ಗಂಡೇ ಕಾವಲು. ಹತ್ತಿರ ಸುಳಿದ ಯಾವುದಕ್ಕೂ ಅದು ಎರಗುವುದರಿಂದ ಆಗ ಹಿಡಿಯುವುದು ಬಲು ಸುಲಭ. ಆದರೆ ಅದನ್ನು ಮೇಲೆತ್ತಿ ಫೋಟೊ ತೆಗೆಯುವಷ್ಟರಲ್ಲಿ ಕಾದು ನಿಂತ ಬ್ಲೂಗಿಲ್ ಮೀನುಗಳು ಮೊಟ್ಟೆಗಳಿಗೆ ಮುಗಿಬೀಳುತ್ತವೆ. ಸುಲಭವಾಗಿ ಸಿಗುವ ಈ ಮೀನನ್ನು ಹೊಸಬರು ಬಿಟ್ಟುಬಿಡುವುದೇ ಸರಿ ಎಂಬುದು ನನ್ನ ನಿಲುವು.

ಸಲಕರಣೆ ಹೆಚ್ಚೇನೂ ಬೇಡ. ಒಂದು ಸ್ಪಿನ್ನಿಂಗ್ ಕೋಲು, ರೀಲು, ದಾರ, ಕೆಲವು ಪ್ಲಾಸ್ಟಿಕ್ ಹುಳು ಸಾಕು. ಅಮೆರಿಕದ ಓಹಾಯೋದ ಆಕ್ರನ್‌ನಲ್ಲಿ ನಿಕ್ ಕ್ರೀಮ್ 1949ರಲ್ಲಿ ಈ ಮೆತ್ತನೆಯ ಹುಳು ತಯಾರಿಸಿದರು. ಕೊಕ್ಕೆಯ ಮೊನೆಯನ್ನು ಹುಳುವಿನ ಮೈಯೊಳಗೇ ಹುದುಗಿಸಿ ಕಟ್ಟುವುದಕ್ಕೆ ಟೆಕ್ಸಾಸ್ ರಿಗ್ ಎನ್ನುತ್ತಾರೆ. ಹಾಗೆ ಕಟ್ಟಿದರೆ ಜೊಂಡಿಗೆ ಸಿಕ್ಕಿಕೊಳ್ಳುವುದು ಕಡಿಮೆ.

ಹಿಡಿದ ಮೇಲೆ ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು. ಒಣಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಭಾರದ ಮೀನನ್ನು ದವಡೆಯಿಂದ ನೇತಾಡಿಸದೆ ಹೊಟ್ಟೆಗೆ ಇನ್ನೊಂದು ಕೈ ಕೊಡಬೇಕು. ಬಾಸ್ ಸ್ಪರ್ಧೆಗಳಲ್ಲಿ ಮೀನನ್ನು ಜೀವಂತ ಮರಳಿ ಬಿಡುವ ಪದ್ಧತಿಯನ್ನು 1972ರಲ್ಲಿ ಬೆಳೆಸಿದವರು ರೇ ಸ್ಕಾಟ್.

ಆದರೆ ಹೀಗೆ ಮರಳಿ ಬಿಡುವುದು ಎಲ್ಲ ಕಡೆಗೂ ಸಲ್ಲದು. 1925ರಲ್ಲಿ ಜಪಾನಿಗೆ ತಂದ ಬಾಸ್ ಅಲ್ಲಿನ ಮೀನುಗಳಿಗೆ ಕುತ್ತಾಯಿತು. 2009ರಲ್ಲಿ ಮನಾಬು ಕುರಿತಾ ಸುಮಾರು 10 ಕಿಲೋ ತೂಗುವ ಬಾಸ್ ಹಿಡಿದು, 1932ರಲ್ಲಿ ಜಾರ್ಜಿಯಾದ ಜಾರ್ಜ್ ಪೆರಿ ಮಾಡಿದ್ದ ವಿಶ್ವದಾಖಲೆಯನ್ನು ಸರಿಗಟ್ಟಿದ್ದು ಜಪಾನಿನ ಬೀವಾ ಸರೋವರದಲ್ಲಿ. ಅದೇ ಸರೋವರದಲ್ಲಿ ಹಿಡಿದ ಬಾಸನ್ನು ಮರಳಿ ನೀರಿಗೆ ಬಿಡುವುದನ್ನು 2003ರಿಂದಲೇ ನಿಷೇಧಿಸಲಾಗಿದೆ. ಹಾಗಾಗಿ ಬಾಸನ್ನು ಜೀವಂತವಾಗಿ ಒಂದು ಕೆರೆಯಿಂದ ಇನ್ನೊಂದಕ್ಕೆ ಎಂದೂ ಒಯ್ಯಬೇಡಿ.

ಟೆಕ್ಸಾಸ್‌ನಲ್ಲಿ ನೆಲೆಸಿರುವ ಕನ್ನಡಿಗರಿಗೆ ಒಂದು ಮಾತು. ಅಲ್ಲಿ 17 ತುಂಬದ ಮಕ್ಕಳಿಗೆ ಗಾಳ ಹಾಕಲು ಪರವಾನಗಿ ಬೇಡ. ರಾಜ್ಯ ಉದ್ಯಾನವನದೊಳಗೆ ದಡದಲ್ಲಿ ನಿಂತು ಹಿಡಿಯುವುದಾದರೆ ನಿಮಗೂ ಬೇಡ. ಈ ವಾರಾಂತ್ಯ ಮಕ್ಕಳನ್ನು ಕರೆದುಕೊಂಡು ಹೋಗಿ.