ಏಳು ವರ್ಷ ಕಾಯಿರಿ ಎನ್ನುವ ಕಾಯಿದೆ

2018ರ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ ‘ಸುವರ್ಣ ತ್ರಿಭುಜ’ ಎಂಬ ಬೋಟು ಏಳು ಮಂದಿ ಮೀನುಗಾರರೊಡನೆ ಕಡಲಿಗಿಳಿಯಿತು. ಎರಡು ದಿನಗಳ ಮೇಲೆ ಸುದ್ದಿ ನಿಂತಿತು. ಹುಡುಕಿಕೊಡಿರೆಂದು 2019ರ ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯಲ್ಲಿ ಬೀದಿಗಿಳಿದರು. ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದಾಚೆ ಕಡಲ ತಳದಲ್ಲಿ ನೌಕಾಪಡೆಯವರು ಬೋಟಿನ ಅವಶೇಷವನ್ನು ಕಂಡರು. ಬೋಟು ಸಿಕ್ಕಿತು, ದುಡಿದವರು ಸಿಗಲಿಲ್ಲ.

ದೇಹ ಸಿಗದ ಮನೆಯಲ್ಲಿ ಹೆಂಡತಿ ಕುಂಕುಮ ಇಡಬೇಕೋ ಅಳಿಸಬೇಕೋ ಹೇಳುವವರಿಲ್ಲ. ಮರಣಪತ್ರವಿಲ್ಲದೆ ವಿಮೆ, ಬ್ಯಾಂಕಿನ ಹಣ, ಜಮೀನಿನ ಖಾತೆ ಯಾವುದೂ ಸರಾಗವಲ್ಲ. ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ಭಾವಿಸಬಹುದೆಂದು ಬ್ರಿಟಿಷರು 1872ರ ಸಾಕ್ಷ್ಯ ಕಾಯಿದೆಯಲ್ಲಿ ಬರೆದರು. 2023ರಲ್ಲಿ ಕಾಯಿದೆಯ ಹೆಸರು ಬದಲಾಯಿತು. ಏಳು ವರ್ಷ ಹಾಗೆಯೇ ಉಳಿಯಿತು. ಆಸ್ತಿವಂತರು ಏಳು ವರ್ಷ ಕಾದಾರು. ಮೀನಿನ ಪಾಲಿನಿಂದ ಒಲೆ ಹೊತ್ತಿಸುವ ಮನೆ ಏಳು ವಾರ ಕಾಯಲಾರದು.

ಬೇರೆ ದಾರಿಯಿಲ್ಲವೆಂದು ಆಳುವವರು ಹೇಳುವಂತಿಲ್ಲ. ಉತ್ತರಾಖಂಡದ ಚಮೋಲಿಯಲ್ಲಿ 2021ರ ಪ್ರವಾಹ ಬಂದಾಗ, ಕಾಣೆಯಾದವರ ಮನೆಯವರನ್ನು ಏಳು ವರ್ಷ ಕಾಯಿಸದೆ ಮರಣಪತ್ರ ಕೊಡಲು ಸರಕಾರವೇ ದಾರಿ ಮಾಡಿತು. ಹೊಳೆಗೆ ಸಂದ ನ್ಯಾಯ ಕಡಲಿಗೇಕೆ ಸಲ್ಲದು?

ನಾವು ಕೇಳುವುದಿಷ್ಟೆ: ಬೋಟು ಮುಳುಗಿ ಜನ ಕಾಣೆಯಾದರೆ, ಮನೆಯವರು ಬಯಸಿದಲ್ಲಿ ಒಂದು ವರ್ಷದೊಳಗೆ ವಿಚಾರಣೆ ಮುಗಿಸಿ ಮರಣಪತ್ರ ಕೊಡುವುದು ನಿಯಮವಾಗಲಿ. ಬೋಟು ಮುಳುಗಿದ್ದು ಹೇಗೆಂಬ ತನಿಖೆಯ ವರದಿಯೂ ಅವರ ಕೈಸೇರಲಿ. ಮಗನ ದಾರಿ ಕಾಯುವ ತಾಯಿಯನ್ನು ಕಛೇರಿಯ ಬಾಗಿಲಲ್ಲೂ ಕಾಯಿಸುವುದು ಬೇಡ.